ಪೇಪರ್ನಾಗೆ ಬಂದೈತೆ

೧೯೫೭ ಸೆಪ್ಟೆಂಬರ್ ೪, ಚನ್ನರಾಯಪಟ್ಟಣ

ಹೊತ್ತು ಮುಳುಗುವ ಮುಂಚೆ ಊಟ, ಆಮೇಲೆ ಪೇಪರ್. ಅಪ್ಪನಿಗೆ ಕಣ್ಣು ಮಂಜು, ಅವರ ವಾಚನಾಲಯದಲ್ಲಿ ಗಟ್ಟಿಯಾಗಿ ಓದುವವಳು ನಾನೇ. ವಾಚನಾಲಯವೆಂದರೆ ನಮ್ಮ ಪಡಸಾಲೆ, ಒಂದು ಜಮಖಾನ, ಹತ್ತು ಮಂದಿ ಯಜಮಾನರು. ಹರಿಜನ ಕೇರಿಯ ಪಾಪಯ್ಯ ಬೀದಿಯಲ್ಲೇ ನಿಂತು ಕೇಳಬೇಕು. ಯುದ್ಧಕ್ಕೆ ಹೋಗಿ ಬಂದವನು, ಓದು ಬರುತ್ತದೆ. ಆದರೂ ಪೇಪರ್ ಅವನ ಕೈಗೆ ಕೊಡುವುದಿಲ್ಲ.

ಇವತ್ತು ಮೂರನೇ ಪುಟದಲ್ಲಿ, ಸೋಪಿನ ಜಾಹೀರಾತಿನ ಕೆಳಗೆ ನಾಲ್ಕು ಸಾಲು. ಅಮೆರಿಕದಲ್ಲಿ ಬಿಳಿಯರ ನಲ್ಲಿಯಲ್ಲಿ ನೀರು ಕುಡಿದನೆಂದು ಒಬ್ಬ ನೀಗ್ರೋ ಹುಡುಗನನ್ನು ಹೊಡೆದು ಕೊಂದರಂತೆ. ಕೊಂದವರಿಬ್ಬರ ಹೆಸರು, ಉದ್ಯೋಗ, ಅವರ ಖುಲಾಸೆ — ಎಲ್ಲ ಇತ್ತು.

"ಹುಡುಗನ್ ಎಸ್ರೇನವ್ವ?" ಬೀದಿಯಿಂದ ಪಾಪಯ್ಯ.

ಹುಡುಕಿದೆ. ಹಾಕಿರಲಿಲ್ಲ.

"ಬರ್ಮಾದಾಗೆ ನೀಗ್ರೋ ಸಿಪಾಯ್ಗಳ ಜೊತೆ ಒಂದೇ ತಟ್ಟೇಲಿ ಉಂಡಿವ್ನಿ ಕಣವ್ವ" ಎಂದವನೇ ಹೊರಟುಹೋದ. ನನಗೆ ಅಳು ಬಂತು.

ಸೆಪ್ಟೆಂಬರ್ ೫

ಅಪ್ಪ ಕೆಂಡಾಮಂಡಲ. "ಮನುಷ್ಯರೇನ್ರೀ ಅವರು!" ಖಂಡನಾ ನಿರ್ಣಯ ಪಾಸ್. ಒಕ್ಕಣೆ ಅಪ್ಪನದು, ಪೇಪರಿಗೆ ಕಳಿಸಲು ನಕಲು ನನ್ನದು. ಕೊನೆಯಲ್ಲಿ ಒಂದು ಮಾತು ನಾನೇ ಸೇರಿಸಿದೆ — "ಎಲ್ಲ ಜಾತಿಯವರೂ ಒಂದೇ ಜಮಖಾನದ ಮೇಲೆ ಕುಳಿತು ಪೇಪರ್ ಓದುವ ನಮ್ಮ ವಾಚನಾಲಯ..." ಪೋಸ್ಟ್ ಡಬ್ಬಿಗೆ ಹಾಕುವ ಮುಂಚೆ ಆಚೀಚೆ ನೋಡಿದೆ. ನಗುವೂ ಬಂತು.

ಸೆಪ್ಟೆಂಬರ್ ೧೪

ಬಂದೇಬಿಟ್ಟಿದೆ! ಎರಡನೇ ಪುಟ! "ಚನ್ನರಾಯಪಟ್ಟಣದ ಆದರ್ಶ." ಸತ್ತವನಿಗೆ ನಾಲ್ಕೇ ಸಾಲು, ನಮಗೆ ಅರ್ಧ ಕಾಲಂ. ಧರಣೇಂದ್ರಯ್ಯನವರು ಎಂದು ಅಪ್ಪನ ಹೆಸರು ದಪ್ಪಕ್ಷರದಲ್ಲಿ. ಬೀಗುತ್ತ ಕೇಳುತ್ತಿದ್ದರು, ಜಮಖಾನದ ಸಾಲು ಬಂದದ್ದೇ ಮುಖ ಹುಳ್ಳಗಾಯಿತು.

"ಇದನ್ಯಾರು ಸೇರಿಸಿದ್ದು?"

"ಪೇಪರಿನವರೇ ಹಾಗೆ ಅಪ್ಪ, ಇಲ್ಲದ್ದೆಲ್ಲ ಬರೀತಾರೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅವಳಿಗೆ ಗೊತ್ತು.

ಸೆಪ್ಟೆಂಬರ್ ೧೮

ಅಮಲ್ದಾರರ ಜವಾನ ಬಂದಿದ್ದ. ಹಾಸನದ ದೊಡ್ಡ ಸಾಹೇಬರು ಪೇಪರ್ ಓದಿ ಮೆಚ್ಚಿದ್ದಾರೆ, ಶನಿವಾರ ಬಂದು ಆ ಜಮಖಾನದ ಮೇಲೆ ತಾವೂ ಕೂರುತ್ತಾರಂತೆ! ಅಪ್ಪನಿಗೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಪಾಪಯ್ಯನ ಮನೆವರೆಗೂ ನಡೆದರು. ನಾನೂ ಹಿಂದೆ.

"ಒಂದು ದಿನದ ಮಟ್ಟಿಗೆ ಬಾರಪ್ಪ. ಮರ್ಯಾದೆ ಪ್ರಶ್ನೆ."

ಪಾಪಯ್ಯ ಬೀಡಿ ಆರಿಸಿದ. "ಒಂದಿನಕ್ಕಾದ್ರೆ ಬರಾಕಿಲ್ಲ ಸಾ. ದಿನಾ ಅಂದ್ರೆ ಬತ್ತೀನಿ. ಪೇಪರ್ನಾಗೆ ಬಂದೈತೆ, ಸುಳ್ಳಾಗ್ಬಾರ್ದು ನೋಡಿ."

"ಆಯ್ತು" ಅಂದರು ಅಪ್ಪ, ಎತ್ತಲೋ ನೋಡುತ್ತ.

ಸೆಪ್ಟೆಂಬರ್ ೨೧

ಸಾಹೇಬರು ಬಂದರು, ಕೂತರು, ಭಾಷಣ ಮಾಡಿ ಹೋದರು. ಪಾಪಯ್ಯ ಮಿಲಿಟರಿ ಕೋಟು ಹಾಕಿ ಸೆಟೆದು ಕೂತಿದ್ದ. ಅಷ್ಟು ಚೆಂದ! ಯಜಮಾನರಲ್ಲಿ ಇಬ್ಬರು ತಲೆನೋವೆಂದು ಎದ್ದು ಹೋದರು. ಹೋಗಲಿ, ಜಾಗವಾಯಿತು.

ಸೆಪ್ಟೆಂಬರ್ ೨೨, ಸಂಜೆ ಏಳು

ಅಪ್ಪ ಜಮಖಾನ ಸುತ್ತಿಟ್ಟಿದ್ದರು. ಒಗೆಯಬೇಕಂತೆ. ಅಷ್ಟರಲ್ಲಿ ಪಾಪಯ್ಯ ಬಂದ, ಕೇರಿಯ ನಾಲ್ಕು ಜನರೊಂದಿಗೆ. ಮೆಟ್ಟಿಲ ಹತ್ತಿರ ನಿಂತ.

"ಬರ್ಬೋದಾ ಸಾ?"

ಅಪ್ಪ ಸುತ್ತಿಟ್ಟ ಜಮಖಾನದ ಕಡೆ ನೋಡಿದರು. ಒಳಗಿಂದ ಅಮ್ಮ ಮೆಲ್ಲಗೆ ಅಂದಳು: "ಅಮೆರಿಕದೋರನ್ನ ಬೈದ ಬಾಯಿ ಅದು, ನೆನಪಿರ್ಲಿ."

ಅಪ್ಪ ಎದ್ದರು. ಜಮಖಾನ ತಾವೇ ಬಿಡಿಸಿ ಹಾಸಿದರು. ನನ್ನ ಕೈಯಿಂದ ಪೇಪರ್ ತೆಗೆದು ಪಾಪಯ್ಯನ ಕೈಗೆ ಕೊಟ್ಟರು. "ತ್ರಿಶಲಾ ದಿನಾ ಓದಿ ಸುಸ್ತಾಗಿದಾಳೆ. ನೀನೋದಪ್ಪ."

ಓದುತ್ತಿದ್ದಾನೆ! ಪೆರೇಡಿನ ಗಂಟಲು — ಬೀದಿಯ ಕೊನೆಗೂ ಕೇಳಬೇಕು. ಜನ ಬರುತ್ತಲೇ ಇದ್ದಾರೆ. ಅಪ್ಪ ಕೂಗುತ್ತಿದ್ದಾರೆ, ಚಾಪೆಯೂ ಬೇಕಂತೆ, ಜಮಖಾನ ಸಾಲದೆ ಅವರೇ ನೆಲದ ಮೇಲೆ ಕೂತುಬಿ—