ಕಂಪ್ಲೀಟ್ ಎಂದರೆ

ಮಂಗಳವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಪ್ಪನ ಅಕ್ಕರೆ. ನಿನ್ನ ಕಾಗದ ತಲುಪಿತು. ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತದೆ. ಎರಡನ್ನೂ ನೀನು ನಂಬಬೇಕಾಗಿಲ್ಲ. ಅದು ಹಾಗಿರಲಿ. ಮೊದಲು ಒಂದು ಕೆಲಸ ಮಾಡು. ಈ ಕಾಗದ ಸಿಕ್ಕಿದ ಮರುದಿನವೇ ಅಂಗಡಿ ತೆರೆಯುವ ಮುನ್ನ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊ. ನಿನಗೆ ಕೊನೆಯ ಸಲ ಚುಚ್ಚಿಸಿದ್ದು ಹತ್ತನೇ ತರಗತಿಯಲ್ಲಿ, ಹದಿನಾರು ವರ್ಷದ ಹಿಂದೆ. ಅದರ ಬಲ ಜೀವನಪೂರ್ತಿ ನಿಲ್ಲುವುದಿಲ್ಲವಂತೆ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕಂತೆ. ಕೊಳಕು ಗಾಯವಾದರೆ ಐದು ವರ್ಷ ದಾಟಿದ್ದರೂ ಹಾಕಿಸಬೇಕಂತೆ. ಅದೇ ಸೂಜಿಯಲ್ಲಿ ಗಂಟಲಮಾರಿಗೂ ಔಷಧ ಸೇರಿರುತ್ತದಂತೆ. ನೀನೂ ಅಮ್ಮನ ಹಾಗೆಯೇ ಹಳೇ ಸೋಫಾ ಬಿಚ್ಚಿ ತುಕ್ಕು ಮೊಳೆ ಕೀಳುವವಳು.

ಇನ್ನು ನಿನ್ನ ಕಾಗದ. ಅಮ್ಮನದು ಬರೀ ಅಸಡ್ಡೆ, ಗಿರಾಕಿಯ ಕುರ್ಚಿಕಾಲಿನ ಮೇಲಿದ್ದ ಕಾಳಜಿ ತನ್ನ ಕಾಲಿನ ಮೇಲಿರಲಿಲ್ಲ ಎಂದು ಬರೆದಿದ್ದೀಯ. ಹಾಗನ್ನಬೇಡ ಮಗಳೇ. ಮೊಳೆ ಚುಚ್ಚಿದ ದಿನ ಅವಳು ಕಾಲು ತೊಳೆದು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ರೀ, ಒಂದ್ ಇಂಜೆಕ್ಷನ್ ಹಾಕಿಸ್ಕೊಂಡ್ ಬಂದ್ಬಿಡ್ಲಾ?" ಎಂದು ಕೇಳಿದಳು.

ನಾನು ಬೀರುವಿನಿಂದ, ನೀನು ಹೊಟ್ಟೆಯಲ್ಲಿದ್ದಾಗಿನ ಅವಳ ಕಾರ್ಡು ತೆಗೆದೆ. ಇಂಗ್ಲಿಷಿನಲ್ಲಿ 'ಟಿ.ಟಿ. ಕೋರ್ಸ್ ಕಂಪ್ಲೀಟ್' ಎಂದಿತ್ತು. "ಕಂಪ್ಲೀಟ್ ಅಂದ್ರೆ ಮುಗೀತು ಅಂತ ಕಣೇ. ಫುಲ್ ಸ್ಟಾಪ್. ಮತ್ಯಾಕೆ ಸುಮ್ನೆ ಚುಚ್ಚಿಸ್ಕೋತೀಯ?" ಎಂದೆ. ಬಿ.ಎ. ಇಂಗ್ಲಿಷನ್ನು ಎರಡು ಸಲ ಬರೆದು ಪಾಸಾದವನ ಪಾಂಡಿತ್ಯ! ಜೊತೆಗೆ, ಟಿ.ಟಿ. ಎಂದರೆ ರೈಲಿನಲ್ಲಿ ಟಿಕೆಟ್ ಕೇಳುವವನು ಎಂದು ತಮಾಷೆ ಬೇರೆ. ಮುಗಿದದ್ದು ಆ ಸಲದ ಚುಚ್ಚುಮದ್ದು, ಮೂವತ್ತೊಂದು ವರ್ಷದ ಹಿಂದಿನದು ಎಂದು ನನಗೆ ಹೊಳೆಯಲೇ ಇಲ್ಲ. ಅವಳು ನಕ್ಕು ಚಪ್ಪಲಿ ಬಿಟ್ಟಳು. "ಓದಿದ ಗಂಡ ಸಿಕ್ಕಿದ್ದಕ್ಕೆ ಒಂದು ಸೂಜಿ ಉಳೀತು ಬಿಡಿ," ಎಂದು ಮತ್ತೆ ಸುತ್ತಿಗೆ ಹಿಡಿದು ಕೂತಳು. ಕಾರ್ಡಿನಲ್ಲಿ ಕನ್ನಡದಲ್ಲೇ ಧನುರ್ವಾಯು ಎಂದು ಬರೆದಿದ್ದರೆ ನನಗೂ ಹೆದರಿಕೆಯಾಗುತ್ತಿತ್ತೋ ಏನೋ. ಇಲ್ಲ, ಇದೂ ಒಂದು ನೆಪ.

ಎಂಟನೇ ದಿನ ಅವಳ ದವಡೆ ಬಿಗಿಯಿತು. ಮುಂದೆ ಅವಳು ಹೋದದ್ದು ನಿನಗೆ ಗೊತ್ತು.

ಬೈಯುವುದಾದರೆ ನನ್ನನ್ನು ಬೈ. ಇನ್ನು ಮೇಲೆ ಕಾಗದ ಬರೆಯದಿದ್ದರೂ ಸರಿ, ಇಂಜೆಕ್ಷನ್ ಮಾತ್ರ ತಪ್ಪಿಸಬೇಡ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಇಂಜೆಕ್ಷನ್ ಬೇಡ ಅಂದವರ್ಯಾರ್ರೀ?" ಎಂದು ಜೋರು ಮಾಡಿದರು. ಬಾಯಿ ತೆರೆಯಲಾಗದ ನಿನ್ನ ಅಮ್ಮ ಬೆರಳೆತ್ತಿ ತನ್ನ ಎದೆಯನ್ನೇ ಮುಟ್ಟಿ ತೋರಿಸಿದಳು. ಅಮ್ಮನೇ ಬೇಡ ಅಂದಳಂತೆ ಎಂದು ಡಾಕ್ಟರಮ್ಮ ನಿನಗೆ ಹೇಳಿದ್ದು ಅದನ್ನು ನೋಡಿಯೇ. ಅವಳು ತೋರಿಸಿದ ಮೇಲೆ ಅವರು ನಿಜವೇ ಎಂಬಂತೆ ನನ್ನ ಕಡೆ ತಿರುಗಿದ್ದರು. ನಾನು ಹೂಂ ಅಂದೆ.