ಮಲ್ಗ್ವಿ ಗುಡ್ಡದ ನೋಟದ ಕಟ್ಟೆ

ಜೇಜು ದ್ವೀಪ
ಎಂಟನೆಯ ತಿಂಗಳ ಪಾಡ್ಯ

ಯುರಿಯ ಅಪ್ಪನವರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂಬುದನ್ನು ಈ ಪತ್ರ ಓದಿ ಮುಗಿಸಿದ ಮೇಲೆ ತಿಳಿಸಿ. ಬೇರೆಯಾದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತೋಚದೆ ಮಗಳ ಹೆಸರನ್ನೇ ಹಿಡಿದುಕೊಂಡಿದ್ದೇನೆ. ಅವಳು ನಮ್ಮಿಬ್ಬರ ಮಗಳು ಎಂಬುದನ್ನಾದರೂ ಯಾವ ಕಲ್ಲುಕುಟಿಗನ ಕೈಯಲ್ಲೂ ಅಳಿಸಲು ಬರುವುದಿಲ್ಲ.

ಊರಿನವರು ನನಗೆ ಒಪ್ಪಿಸಿದ್ದ ಗುಡ್ಡದ ದಾರಿ ಮುಗಿಯಿತು. ಬೆಂಕಿ ಉಗುಳಿ ಆರಿದ ಗುಡ್ಡಕ್ಕೆ ದಾರಿ ಮಾಡುವ ತಲೆನೋವು ನಿಮಗೆ ಗೊತ್ತಿಲ್ಲದ್ದಲ್ಲ. ನನ್ನ ಬೂಟಿನ ಕೆಂಪು ಪುಡಿಯಿಂದ ಹೊಸ್ತಿಲು ಹಾಳಾಯಿತೆಂದು ವರ್ಷಗಟ್ಟಲೆ ಗೊಣಗಿದವರು ನೀವು. ಮೇಲೆ ಒಂದು ಪದರ ಹುಲ್ಲು, ಅದರ ಕೆಳಗೆ ಬರೀ ಉರುಳುವ ಕಲ್ಲುಪುಡಿ. ಜನ ಒಂದೇ ಕಡೆ ತುಳಿದರೆ ಹುಲ್ಲು ಕಿತ್ತುಬರುತ್ತದೆ, ಮುಂದಿನ ಮಳೆಗೆ ಗುಡ್ಡವೇ ಜಾರುತ್ತದೆ. ಅದಕ್ಕೇ ನಾರಿನ ಚಾಪೆ ಹಾಸಿ, ಏರು ಗೊತ್ತಾಗದ ಹಾಗೆ ದಾರಿಯನ್ನು ಬಳಸಿ ಒಯ್ದಿದ್ದೇನೆ.

ನಾನು ಮೊದಲು ಗುರುತು ಹಾಕಿದ್ದು ಉತ್ತರದ ಇಳಿಜಾರಿನಲ್ಲಿ, ಮರಗಳ ನೆರಳಿನಲ್ಲಿ. ಅತ್ತೆಯವರ ಸಮಾಧಿ ಇರುವುದು ದಕ್ಷಿಣಕ್ಕೆ. ಬೇಕೆಂದೇ ದೂರ ಇಟ್ಟಿದ್ದೆ. ಮಲಗಿರುವವರ ಪಕ್ಕದಲ್ಲಿ ಜನ ಗಲಗಲ ಮಾಡಿಕೊಂಡು ಓಡಾಡುವುದು ನನಗೆ ಇಷ್ಟವಿರಲಿಲ್ಲ. ಅಷ್ಟರಲ್ಲಿ ನೀವು ಬುಸಾನ್‌ನಿಂದ ವಿಮಾನ ಹತ್ತಿ ಊರಿನ ಸಭೆಗೆ ಬಂದಿರಿ. ಬುಸಾನ್‌ನಲ್ಲಿರುವ ಜೇಜಿನವರ ಸಂಘಕ್ಕೆ ಅಧ್ಯಕ್ಷರಾಗುವ ಆಸೆ ನಿಮ್ಮ ಹೊಸ ಕೋಟಿನಲ್ಲೇ ಕಾಣುತ್ತಿತ್ತು. ಎದ್ದು ನಿಂತು ಏನೆಂದಿರಿ? “ದಾರಿ ನಮ್ಮಮ್ಮನ ಸಮಾಧಿ ಮುಂದೇನೇ ಹೋಗ್ಲಿ. ಅಲ್ಲೊಂದು ಕಟ್ಟೆ ಕಟ್ಸಿ. ಬಂದೋರು ಕೂತ್ಕೊಂಡು ನೋಡ್ಲಿ, ನಾವು ಹೆತ್ತೋರನ್ನ ಹೆಂಗೆ ನೋಡ್ಕೋತೀವಿ ಅಂತ!” ಹಿರಿಯರೆಲ್ಲ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದರು. “ಏನಮ್ಮಾ, ಆಗುತ್ತಾ?”

ಆಗುತ್ತದೆ ಎಂದೆ. ನಿಮ್ಮ ಮೇಲಿನ ಸಿಟ್ಟಿಗೆ ಕೆಟ್ಟ ದಾರಿ ಮಾಡುವವಳು ನಾನಲ್ಲ. ಹೋಗಿ ನೋಡಿದರೆ ನಿಜಕ್ಕೂ ಅದೇ ಒಳ್ಳೆಯ ಜಾಗ. ಕುದುರೆಗಳು ತುಳಿದ ಜಾಡು ಮೊದಲೇ ಇತ್ತು. ಸಮಾಧಿಯ ಸುತ್ತಲಿನ ಕರಿಕಲ್ಲಿನ ಗೋಡೆ ಗಾಳಿಯನ್ನು ತಡೆಯುತ್ತದೆ, ಎದುರಿಗೆ ಕಡಲು ಪೂರ್ತಿ ಕಾಣುತ್ತದೆ. ದಾರಿ ಗೋಡೆಯನ್ನು ಬಳಸಿ ತಿರುಗುವಲ್ಲಿ ಕಟ್ಟೆ ಕಟ್ಟಿಸಿದ್ದೇನೆ. ಕೂತವರಿಗೆ ಮೊದಲು ಕಾಣುವುದು ಸಮಾಧಿ, ಆಮೇಲೆ ಕಡಲು. ನೀವು ಕೇಳಿದ್ದನ್ನೇ ಕೊಟ್ಟಿದ್ದೇನೆ.

ಈಗ ನಿಮಗೆ ಗೊತ್ತಿಲ್ಲದ, ಅಥವಾ ಗೊತ್ತಿಲ್ಲವೆಂದು ನೀವು ನಟಿಸುತ್ತ ಬಂದ ವಿಷಯಕ್ಕೆ ಬರುತ್ತೇನೆ.

ಹಿರಿಯರ ಸಮಾಧಿಗಳ ಹುಲ್ಲನ್ನು ಈ ಪಾಡ್ಯದ ದಿನ ಕುಲದವರೆಲ್ಲ ಸೇರಿ ಕೊಯ್ಯುತ್ತಾರೆ. ಹೆತ್ತವರದ್ದು ಅವರವರ ಮಕ್ಕಳ ಪಾಲು. ಪ್ರತಿ ವರ್ಷ ನೀವು ಕುಲದವರಿಗೆ ಫೋನ್ ಮಾಡಿ “ಮೊನ್ನೇನೇ ಬಂದು ಕೊಯ್ದು ಹೋದೆ” ಅನ್ನುತ್ತೀರಿ. ಆಮೇಲೆ ಸುಗ್ಗಿಹಬ್ಬಕ್ಕೆ ಬಂದಾಗ ಸಮಾಧಿ ನುಣ್ಣಗೆ ಇರುತ್ತದೆ. ಯಾರು ಕೊಯ್ದರು ಎಂದು ಒಂದು ಸಲವಾದರೂ ಕೇಳಿದಿರಾ? ನಾನು ಕೊಯ್ದೆ. ಬೇರೆಯಾದ ಮೇಲೂ ಕೊಯ್ದೆ. ನಿಮಗಾಗಿ ಅಲ್ಲ. ಆ ಮನೆಯಲ್ಲಿ ನನಗೆ ಊಟವಾಯಿತಾ ಎಂದು ಕೇಳಿದವರು ಅತ್ತೆಯವರೊಬ್ಬರೇ. ಯುರಿ ಹುಟ್ಟಿದಾಗ ನೀವು ಮುಖ ಸಿಂಡರಿಸಿಕೊಂಡು ಹೊರಗೆ ಹೋದಿರಿ. ಅವರು ಬಾಣಂತಿಗೆ ಕೊಡುವ ಕಡಲಪಾಚಿಯ ಸಾರು ತಂದು, “ಹೆಣ್ಣಾ? ಒಳ್ಳೇದೇ ಆಯ್ತು ಬಿಡು. ನಾನು ಹೆತ್ತ ಗಂಡನ್ನ ನೋಡಿದೀಯಲ್ಲ” ಎಂದು ನಕ್ಕು ನನ್ನನ್ನೂ ನಗಿಸಿದರು.

ನೀವು ಸಮಾಧಿಕಲ್ಲನ್ನು ಬದಲಾಯಿಸಿದಾಗಲೂ ಸುಮ್ಮನಿದ್ದೆ. ಹಳೆಯ ಕಲ್ಲಿನಲ್ಲಿ ಮಗನೆಂದು ನಿಮ್ಮ ಹೆಸರಿನ ಪಕ್ಕ ಸೊಸೆ ಎಂದು ನನ್ನ ಹೆಸರಿತ್ತು. ಹೊಸದರಲ್ಲಿ ನಿಮ್ಮ ಹೊಸ ಹೆಂಡತಿಯದು. ಆಕೆ ಅತ್ತೆಯವರ ಮುಖವನ್ನೇ ನೋಡಿದವಳಲ್ಲ. ಆ ದಿನವೂ ಹುಲ್ಲು ಕೊಯ್ದೇ ಬಂದೆ. ಹೋದ ವರ್ಷ ಊರಿನವರು ನಿಮಗೆ ಮಾತೃಭಕ್ತನೆಂದು ಶಾಲು ಹೊದಿಸಿ ಫಲಕ ಕೊಟ್ಟರಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲು ಆಗಲಿಲ್ಲ. “ನಮ್ಮಮ್ಮನ ಮೇಲೆ ಒಂದು ಕಳೆ ಬೆಳೆಯೋಕೂ ಬಿಡಲ್ಲ ನಾನು” ಎಂದು ಮೈಕಿನಲ್ಲಿ ಹೇಳಿದಿರಿ. ಪಕ್ಕದಲ್ಲಿ ಕೂತಿದ್ದ ಮೀನಂಗಡಿಯವಳು ನನ್ನನ್ನು ತಿವಿದು, “ಎಂಥಾ ಮಗನ್ನ ಬಿಟ್ಟು ಬಂದ್ಯೇ, ಪಾಪಿ!” ಎಂದಳು. ನನ್ನ ಬೆರಳಿನಲ್ಲಿ ಕುಡುಗೋಲಿನ ಗಾಯ ಇನ್ನೂ ಮಾಗಿರಲಿಲ್ಲ.

ಈ ವರ್ಷ ನಾನು ಏನೂ ಮಾಡಿಲ್ಲ. ಅಷ್ಟೇ ನಾನು ಮಾಡಿದ್ದು. ಹುಲ್ಲು ಸೊಂಟದ ಮಟ್ಟ ಬೆಳೆದಿದೆ. ಮುಳ್ಳುಬಳ್ಳಿ ಸಮಾಧಿಯ ದಿಬ್ಬವನ್ನೇ ಮುಚ್ಚಿದೆ. ನಿಮ್ಮಿಬ್ಬರ ಹೆಸರಿರುವ ಕಲ್ಲಿನ ಮುಂದೆ ಮಾತ್ರ ಬಯಲಾಗಿದೆ, ದಾರಿ ಕೆಲಸದವರು ಓಡಾಡಿದ್ದರಿಂದ. ದಿಕ್ಕಿಲ್ಲದವರ ಸಮಾಧಿ ಮಾತ್ರ ಹೀಗಿರುತ್ತದೆಂದು ನಮ್ಮ ದ್ವೀಪದಲ್ಲಿ ಮಕ್ಕಳಿಗೂ ಗೊತ್ತು.

ಇವತ್ತು ಕುಲದವರೆಲ್ಲ ಕುಡುಗೋಲು ಹಿಡಿದು ಹೊರಟಾಗ ನಿಮ್ಮ ಫೋನ್ ಬಂತಂತೆ. ಮೊನ್ನೆಯೇ ಕೊಯ್ದಿರಂತೆ. ಭಾನುವಾರ ದಾರಿಯ ಉದ್ಘಾಟನೆ. ವಿಮಾನ ದಿನವೂ ಇದೆ. ಮನಸ್ಸಿದ್ದರೆ ಬಂದು ಕೊಯ್ಯಿರಿ. ಕುಡುಗೋಲು ಹಿಡಿಯುವುದು ಮರೆತಿದ್ದರೆ ನಿಮ್ಮ ಸೋದರತ್ತೆ ಕಲಿಸುತ್ತಾರೆ.

ಇಂತಿ,
ಒಂದು ಕಾಲಕ್ಕೆ ನಿಮ್ಮ ಮನೆಯವಳಾಗಿದ್ದ
ಬು ಇನ್‌ಸಿಲ್

ಮರೆತ ಮಾತು: ಮರೆತದ್ದಲ್ಲ, ಪತ್ರವನ್ನೇ ಅಂಚೆಗೆ ಹಾಕದೆ ಇಟ್ಟುಕೊಂಡದ್ದು. ಇವತ್ತು ಸೋಮವಾರ. ಉದ್ಘಾಟನೆ ನಿನ್ನೆ ಆಗಿಹೋಯಿತು. ನಿಮಗೆ ಸಮಯ ಕೊಡುವ ಮನಸ್ಸು ನನಗೆ ಎಂದೂ ಇರಲಿಲ್ಲ.

ನೀವು ಕಳಿಸಿದ ಆಳೆತ್ತರದ ಹೂಚಕ್ರ ಬಂತು. ‘ಮಾತೃಭಕ್ತ ಯಾಂಗ್ ಗಿಲ್‌ಹುನ್’ ಎಂಬ ಪಟ್ಟಿಯ ಸಮೇತ ಅದನ್ನು ಕಟ್ಟೆಯ ಪಕ್ಕದಲ್ಲೇ ನಿಲ್ಲಿಸಿದರು. ಸಿಯೋಲ್‌ನಿಂದ ಬಂದಿದ್ದ ಯಾರೋ ಹೆಂಗಸು ಆ ಪಟ್ಟಿ ಓದಿದಳು, ಹುಲ್ಲಿನ ನಡುವಿನ ಕಲ್ಲನ್ನೂ ಓದಿದಳು. “ಆ ಯಾಂಗ್ ಗಿಲ್‌ಹುನ್ನೂ ಈ ಯಾಂಗ್ ಗಿಲ್‌ಹುನ್ನೂ ಒಬ್ರೇನಾ?” ಎಂದು ಜೋರಾಗಿಯೇ ಕೇಳಿದಳು. ನಿಮ್ಮ ಸೋದರತ್ತೆ ಏದುಸಿರು ಬಿಡುತ್ತ ಹತ್ತಿ ಬಂದು ನೋಡಿ, “ಮೊನ್ನೆ ಕೊಯ್ದೆ ಅಂದ್ನಲ್ಲೇ ಇವ್ನು! ಹಾಗಾದ್ರೆ ಇಷ್ಟು ವರ್ಷ ಕೊಯ್ತಾ ಇದ್ದೋರು ಯಾರೇ?” ಎಂದರು. ನಾನು ಚೀಲದಿಂದ ಕುಡುಗೋಲು ತೆಗೆದು ಗೋಡೆಯ ಒಳಗೆ ಹೋದೆ. ಈ ವರ್ಷ ತಡವಾಯಿತೆಂದು ಅತ್ತೆಯವರ ಹತ್ತಿರ ಕ್ಷಮೆ ಕೇಳಿ, ಅಷ್ಟು ಜನರ ಎದುರಿಗೆ ಕೊಯ್ದೆ.

ಊಟದ ಹೊತ್ತಿಗೆ ಕುಲದ ಹಿರಿಯರು ಮಾತಾಡಿಕೊಂಡರು. ನಿಮ್ಮ ಸೋದರತ್ತೆಯೇ ಎದ್ದು ಬಂದು ನನಗೆ ಹೇಳಿದರು: “ಅವನಿಗೆ ತಿಳಿಸ್ಬಿಡು. ಇನ್ನು ಹುಲ್ಲು ಕೊಯ್ಯೋಕೂ ಬರೋದು ಬೇಡ, ಹಬ್ಬಕ್ಕೂ ಬರೋದು ಬೇಡ. ನಮ್ಮತ್ತಿಗೆಗೆ ಮಗ ಇಲ್ಲ. ಸೊಸೆ ಇದ್ದಾಳೆ.”

ತಿಳಿಸಿದ್ದೇನೆ.