ಬಲಗೈಗೆ ಹೋದ ಉಂಗುರ

ವಾರ್ಸಾ, ಮಂಗಳವಾರ

ಅಕ್ಕಾ, ಯೇಸುವಿಗೆ ಸ್ತುತಿ.

ನನ್ನ ಪಿಯಾನೊ ಕಛೇರಿಯ ಚಿತ್ರೀಕರಣ ನಿನ್ನೆಗೇ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಪರದೆಯ ಮೇಲೆ ನೋಡಿ ಮೈಯೆಲ್ಲ ಉರಿಯಿತು. ನನ್ನ ಮುಖ ಆ ಕಡೆ ತಿರುಗಿದ್ದರೆ ಚೆಂದವೆಂದು ನಿರ್ದೇಶಕ ಕ್ಸಾವೆರಿ ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿದ್ದಾನೆ! ಎಡಕ್ಕಿರಬೇಕಾದ ಮಂದ್ರ ಸ್ವರಗಳೆಲ್ಲ ಬಲಕ್ಕೆ ಹೋಗಿವೆ. ನನ್ನ ಫೆಲಿಕ್ಸ್ ತೀರಿಕೊಂಡ ದಿನ ಎಡಗೈಗೆ ಹಾಕಿಕೊಂಡ ಮದುವೆಯ ಉಂಗುರ, ಗಂಡನಿರುವವಳ ಹಾಗೆ ಮತ್ತೆ ಬಲಗೈಯಲ್ಲಿದೆ.

"ಅಷ್ಟೆಲ್ಲ ಯಾರಮ್ಮ ನೋಡ್ತಾರೆ?" ಅಂದ.

"ನಮ್ಮೂರ ಹೆಂಗಸರು ನೋಡೋದೇ ಅದನ್ನ ಕಣಪ್ಪಾ. ಪಾದ್ರಿಗೂ ಹೇಳದೆ ಇನ್ನೊಂದು ಮದುವೆ ಆದ್ಲು ಅಂತಾರೆ."

"ಹಾಗಾದ್ರೆ ಉಂಗುರ ತೆಗೆದಿಟ್ಟು ಇನ್ನೊಂದ್ಸಲ ನುಡಿಸಿಬಿಡಿ."

"ನುಡಿಸ್ತೀನಿ. ಉಂಗುರ ಮಾತ್ರ ತೆಗೆಯಲ್ಲ. ನೀನೇ ಬೇಕಾದ್ರೆ ಕ್ಯಾಮೆರಾ ಹೊತ್ಕೊಂಡು ಈ ಕಡೆ ಬಾ."

ನಾಳೆ ಚರ್ಚಿನಲ್ಲಿ ಬಲಿಪೂಜೆ ಮುಗಿಸಿಕೊಂಡು ಇಪ್ಪತ್ತೆರಡು ನಿಮಿಷದ್ದನ್ನು ಮೊದಲಿಂದ ನುಡಿಸಬೇಕು. ಮಣಿಕಟ್ಟು ಊದಿದೆ, ಊತ ಇಳಿಯಲೆಂದು ಎಲೆಕೋಸಿನ ಎಲೆ ಕಟ್ಟಿಕೊಂಡಿದ್ದೇನೆ.

ನಿನ್ನ ಹತ್ತಿರ ಮುಚ್ಚಿಡುವುದೇನು, ಜಗಳಕ್ಕೆ ಮುಂಚೆ ಉಂಗುರವಿದ್ದ ಆ ಬಲಗೈಯನ್ನು ಪರದೆಯ ಮೇಲೆ ಎರಡು ಸಲ ಹಾಕಿಸಿಕೊಂಡು ನೋಡಿದೆ. ನನ್ನವರ ಸಮಾಧಿಗೆ ಒಂದು ದೀಪ ಹಚ್ಚು.

ಕಾಗದದಲ್ಲಿ ಜಾಗ ಮುಗಿಯಿತು,
ನಿನ್ನ ತಂಗಿ ಲುದ್ವಿಕಾ